ಕೆಟ್ಟುಹೋದ ಇ-ಸಿಗರೇಟು: ಮನೆಯಲ್ಲಿ ರಿಪೇರಿ ಬೇಡ

ಈ ತಿಂಗಳ ಅಧ್ಯಯನ ಪಾಠ

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಚರ್ಚಿಸಬೇಕು. ಪಾಠ ಉದ್ದವಾಯಿತು ಅನ್ನಿಸಿದರೆ ಎರಡು ಸಭೆಗಳಲ್ಲಿ ಮುಗಿಸಬಹುದು.)



ಯಾವ ವಸ್ತುವನ್ನೂ ಸುಲಭಕ್ಕೆ ಬಿಸಾಡುವ ಅಭ್ಯಾಸ ನಮ್ಮ ಹೆಂಗಸರಿಗೆ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಹೊಸದು ತಂದು ಹಾಕುತ್ತೇವೆ. ಟಾರ್ಚು ಹತ್ತದಿದ್ದರೆ ಸೆಲ್ಲು ತೆಗೆದು ಒರೆಸಿ ಮತ್ತೆ ಹಾಕಿ ನೋಡುತ್ತೇವೆ. ಹೊಲಿಗೆ ಮೆಷಿನ್ ಬಿಗಿಯಾದರೆ ಎರಡು ಹನಿ ಎಣ್ಣೆ ಬಿಡುತ್ತೇವೆ. ಇದು ಒಳ್ಳೆಯ ಗುಣ. ಎಷ್ಟೋ ಸಂಸಾರಗಳು ಈ ಗುಣದಿಂದಲೇ ನಡೆದಿವೆ.

ಆದರೆ ಈಗ ಕೆಲವು ಮನೆಗಳಿಗೆ ಸದ್ದಿಲ್ಲದೆ ಒಂದು ವಸ್ತು ಬಂದು ಸೇರುತ್ತಿದೆ. ಅದೇ ಇ-ಸಿಗರೇಟು. ಮಕ್ಕಳು ಇದನ್ನು ‘ವೇಪ್’, ‘ಪಾಡ್’ ಎಂದೆಲ್ಲ ಕರೆಯುತ್ತಾರೆ. ಇದು ಹಾಳಾದಾಗ ಹುಡುಗರು ಅಂಗಡಿಗೆ ಒಯ್ಯುವ ಹಾಗಿಲ್ಲ, ಮನೆಯಲ್ಲಿ ಹೇಳುವ ಹಾಗೂ ಇಲ್ಲ. ಆದ್ದರಿಂದ ಕೋಣೆಯ ಬಾಗಿಲು ಹಾಕಿಕೊಂಡು ತಾವೇ ಬಿಚ್ಚಿ ಸರಿಮಾಡಲು ನೋಡುತ್ತಾರೆ. ಬೆಂಕಿ, ವಿಷ, ಗಾಯ ಈ ಮೂರೂ ಅಲ್ಲಿ ಕಾದಿರುತ್ತವೆ. ಎಲ್ಲವನ್ನೂ ರಿಪೇರಿ ಮಾಡುವ ನಾವು ಇದೊಂದನ್ನು ರಿಪೇರಿ ಮಾಡಬಾರದು, ಮಾಡಲು ಬಿಡಲೂ ಬಾರದು. ಏಕೆ ಎಂಬುದೇ ಇಂದಿನ ಪಾಠ.

1. ಇದನ್ನು ಗುರುತಿಸುವುದು ಹೇಗೆ?

ಇ-ಸಿಗರೇಟು ಸಿಗರೇಟಿನ ಹಾಗೆಯೇ ಇರಬೇಕೆಂದಿಲ್ಲ. ಕೆಲವು ಪೆನ್ನಿನಂತೆ, ಕೆಲವು ಪೆನ್ ಡ್ರೈವಿನಂತೆ, ಕೆಲವು ಲಿಪ್‌ಸ್ಟಿಕ್‌ನಂತೆ, ಇನ್ನು ಕೆಲವು ಸಣ್ಣ ಬಣ್ಣದ ಡಬ್ಬಿಯಂತೆ ಇರುತ್ತವೆ. ಬೆಂಕಿಕಡ್ಡಿ ಬೇಡ, ಬೂದಿ ಬೀಳುವುದಿಲ್ಲ, ಬೀಡಿಯ ವಾಸನೆಯೂ ಇಲ್ಲ. ಮಾವು, ಪುದೀನ, ಸ್ಟ್ರಾಬೆರಿ, ಬಬಲ್‌ಗಮ್ಮಿನ ಪರಿಮಳ ಬರುತ್ತದೆ. ಮಗನ ಚೀಲದಲ್ಲಿ ಸಿಕ್ಕಿದರೂ ತಾಯಿಗೆ ಸಂಶಯ ಬರುವುದಿಲ್ಲ. ಹುಡುಗಿಯರ ಚೀಲದಲ್ಲೂ ಸಿಗಬಹುದು.

ಈಗ ನಾವು ನೋಡುವ ರೀತಿಯ ಇ-ಸಿಗರೇಟನ್ನು 2003ರಲ್ಲಿ ಚೀನಾ ದೇಶದ ಹೊನ್ ಲಿಕ್ ಎಂಬ ಔಷಧತಜ್ಞರು ರೂಪಿಸಿದರು. ಕೆಲವು ದೇಶಗಳಲ್ಲಿ ಇದರ ಮಾರಾಟಕ್ಕೆ ಅನುಮತಿ ಇದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ 2019ರಿಂದ ನಿಯಮಗಳಿಗೆ ಒಳಪಟ್ಟು ಮಾರುತ್ತಾರೆ. ನಮ್ಮ ಕರಾವಳಿಯ ಎಷ್ಟೋ ಮನೆಯವರು ಗಲ್ಫಿನಲ್ಲಿ ದುಡಿಯುತ್ತಾರೆ. ಅಲ್ಲಿ ಅಂಗಡಿಯಲ್ಲಿ ಸಿಗುವ ವಸ್ತು ನಮ್ಮಲ್ಲಿ ಕಾನೂನಿಗೆ ವಿರುದ್ಧ ಎಂಬುದು ರಜೆಗೆ ಬರುವವರಿಗೂ ಗೊತ್ತಿರಬೇಕು.

2. ಒಳಗೆ ಏನಿದೆ?

ಬಿಚ್ಚಿ ನೋಡಬೇಡಿ. ಒಳಗೆ ಏನಿದೆ ಎಂದು ಇಲ್ಲೇ ತಿಳಿದುಕೊಳ್ಳೋಣ.

ಬ್ಯಾಟರಿ: ಮೊಬೈಲಿನಲ್ಲಿ ಇರುವಂಥದೇ ಲಿಥಿಯಂ ಅಯಾನ್ ಬ್ಯಾಟರಿ. ಗಾತ್ರ ಸಣ್ಣದು, ಶಕ್ತಿ ಹೆಚ್ಚು.

ಕಾಯಿಲ್: ತೆಳ್ಳಗಿನ ತಂತಿಯ ಸುರುಳಿ. ಕರೆಂಟಿನ ಒಲೆಯ ಸುರುಳಿಯಂತೆ ಇದೂ ಕಾಯುತ್ತದೆ.

ಬತ್ತಿ: ದೇವರ ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗಿನ ಹತ್ತಿ ದ್ರವವನ್ನು ಹೀರಿಕೊಂಡು ಕಾಯಿಲ್‌ಗೆ ಕೊಡುತ್ತದೆ.

ದ್ರವ: ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು, ಹೆಚ್ಚಿನವುಗಳಲ್ಲಿ ನಿಕೋಟಿನ್.

ಸೆನ್ಸರ್: ಬಾಯಿಂದ ಎಳೆದ ಕೂಡಲೇ ಗಾಳಿಯ ಒತ್ತಡ ತಿಳಿದು ಬ್ಯಾಟರಿಯನ್ನು ಚಾಲೂ ಮಾಡುವ ಸಣ್ಣ ಭಾಗ. ಕೆಲವು ಬಗೆಯಲ್ಲಿ ಇದಕ್ಕೆ ಬದಲು ಬಟನ್ ಇರುತ್ತದೆ.

ಸೇದುವವನು ಎಳೆದಾಗ ಕಾಯಿಲ್ ಕಾದು ದ್ರವ ಹೊಗೆಯಂತೆ ಏಳುತ್ತದೆ. “ಇದು ಬರೀ ನೀರಿನ ಹಬೆ ಅಮ್ಮ” ಎಂದು ಮಕ್ಕಳು ಹೇಳಿದರೆ ನಂಬಬೇಡಿ. ಅದರಲ್ಲಿ ಈ ದ್ರವದ ಅತಿ ಸಣ್ಣ ಹನಿಗಳು, ನಿಕೋಟಿನ್, ಕಾಯಿಲ್‌ನಿಂದ ಬಂದ ಲೋಹದ ಅಂಶಗಳು ಇರುತ್ತವೆ.

3. ಕೆಟ್ಟಾಗ ಹುಡುಗರು ಏನು ಮಾಡುತ್ತಾರೆ, ಅದರಿಂದ ಏನಾಗುತ್ತದೆ?

(ಅ) ದೀಪ ಮಿಣುಕುತ್ತದೆ, ಹೊಗೆ ಬರುವುದಿಲ್ಲ. ಬ್ಯಾಟರಿ ಖಾಲಿಯಾಗಿರಬಹುದು, ಅಥವಾ ದ್ರವ ಸೋರಿ ಸಂಪರ್ಕ ಕೆಟ್ಟಿರಬಹುದು. ಹುಡುಗರು ಪಿನ್ನು, ಬ್ಲೇಡು, ಚಾಕು ಹಾಕಿ ಕೆರೆಯುತ್ತಾರೆ. ಆ ಲೋಹದ ತುದಿ ಬ್ಯಾಟರಿಯ ಎರಡು ಕಡೆಗೂ ತಾಗಿದರೆ ಶಾರ್ಟ್ ಆಗುತ್ತದೆ. ತುದಿ ಬ್ಯಾಟರಿಯ ಹೊದಿಕೆಯನ್ನು ಚುಚ್ಚಿದರೆ ಕೈಯಲ್ಲೇ ಹೊತ್ತಿಕೊಳ್ಳಬಹುದು.

(ಆ) ಚಾರ್ಜ್ ಆಗುವುದಿಲ್ಲ. ಬಳಸಿ ಬಿಸಾಡುವ ಬಗೆಯ ಕೆಲವಕ್ಕೆ ಚಾರ್ಜ್ ಮಾಡುವ ತೂತೇ ಇರುವುದಿಲ್ಲ. ಅಂಥದ್ದನ್ನು ಬಿಚ್ಚಿ, ಹಳೆ ಚಾರ್ಜರಿನ ವಯರನ್ನು ಕತ್ತರಿಸಿ ನೇರವಾಗಿ ಬ್ಯಾಟರಿಗೆ ಕಟ್ಟುವವರಿದ್ದಾರೆ. ಸಾಮಾನ್ಯವಾಗಿ ಈ ಬಗೆಯ ಬ್ಯಾಟರಿ ತಡೆದುಕೊಳ್ಳುವುದು 4.2 ವೋಲ್ಟ್ ತನಕ ಮಾತ್ರ. ಮೊಬೈಲ್ ಚಾರ್ಜರಿನಿಂದ ಬರುವುದು 5 ವೋಲ್ಟ್, ಕೆಲವದರಲ್ಲಿ ಇನ್ನೂ ಹೆಚ್ಚು. ಮೊಬೈಲಿನಲ್ಲಿ ಇದನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಒಳಗೇ ಇರುತ್ತದೆ. ಬರೀ ಬ್ಯಾಟರಿಗೆ ವಯರು ಕಟ್ಟಿದರೆ ಆ ಕಾವಲು ಇರುವುದಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಬಿಟ್ಟರೆ ಹೊರಗೆ ಚೆಲ್ಲುತ್ತದೆ. ಬ್ಯಾಟರಿಗೆ ಹೀಗೆ ತುಂಬಿಸಿದರೆ ಅದು ಉಬ್ಬಿ ಹೊತ್ತಿಕೊಳ್ಳುತ್ತದೆ.

(ಇ) ಸುಟ್ಟ ವಾಸನೆ ಬರುತ್ತದೆ. ದ್ರವ ಮುಗಿದು ಬತ್ತಿ ಒಣಗಿದೆ ಎಂದರ್ಥ. ಹೀಗೆ ಒಣಗಿದ್ದನ್ನು ಎಳೆದರೆ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹೆಚ್ಚಾಗಿ ಹುಟ್ಟುತ್ತವೆ. ಕೆಲವರು ತಮಗೆ ತೋಚಿದ ಎಣ್ಣೆಯನ್ನೋ, ಯಾರೋ ಬಾಟಲಿಯಲ್ಲಿ ಕೊಟ್ಟ ದ್ರವವನ್ನೋ ತುಂಬಿಸುತ್ತಾರೆ. ಹೊಟ್ಟೆಗೆ ಹೋದರೆ ಜೀರ್ಣವಾಗುವ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿದು ನ್ಯುಮೋನಿಯಾ ತರಬಹುದು. 2019ರಲ್ಲಿ ಅಮೆರಿಕದಲ್ಲಿ ಇಂಥ ಸಾಧನ ಸೇದಿದವರಲ್ಲಿ ಶ್ವಾಸಕೋಶದ ಗಂಭೀರ ಕಾಯಿಲೆ ಹರಡಿತು. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿ 2,807 ಪ್ರಕರಣಗಳು ದಾಖಲಾಗಿದ್ದವು, 68 ಜನ ತೀರಿಕೊಂಡಿದ್ದರು. ಹೆಚ್ಚಿನವರು ಸೇದಿದ್ದು ಗಾಂಜಾದ ಅಂಶ ಬೆರೆಸಿದ, ಅಂಗಡಿಯ ಹೊರಗೆ ಕೈಯಿಂದ ಕೈಗೆ ಬಂದ ದ್ರವ. ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವೇ ಮುಖ್ಯ ಕಾರಣ ಎಂದು ತಜ್ಞರು ಕಂಡುಕೊಂಡರು.

(ಈ) ದ್ರವ ಸೋರುತ್ತದೆ. ಬಟ್ಟೆಯಲ್ಲಿ ಒರೆಸಿ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಆ ಬಟ್ಟೆ ಒಗೆಯುವವರು ನಾವು. ನಿಕೋಟಿನ್ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ.

(ಉ) ನೀರಿಗೆ ಬಿತ್ತು. ಒದ್ದೆಯಾದ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಹಾಕುವ ಅಭ್ಯಾಸ ಕೆಲವರಿಗೆ ಇದೆ. ಇ-ಸಿಗರೇಟನ್ನು ಹಾಗೆ ಹಾಕಿದರೆ ಸೋರುವ ನಿಕೋಟಿನ್ ಊಟದ ಅಕ್ಕಿಗೇ ಸೇರುತ್ತದೆ. ಒಲೆಯ ಪಕ್ಕ, ಬಿಸಿಲಿನಲ್ಲಿ ಒಣಗಿಸುವುದಂತೂ ಬ್ಯಾಟರಿಗೆ ಬೆಂಕಿ ತೋರಿಸಿದ ಹಾಗೆ.

4. ಬ್ಯಾಟರಿ ಸಿಡಿಯುವುದು ಏಕೆ?

ಲಿಥಿಯಂ ಬ್ಯಾಟರಿಯ ಒಳಗೆ ಎರಡು ಪದರಗಳ ನಡುವೆ ತೆಳುವಾದ ಪರದೆ ಇರುತ್ತದೆ. ಸುತ್ತಲೂ ಬೇಗ ಹೊತ್ತಿಕೊಳ್ಳುವ ದ್ರವ ಇರುತ್ತದೆ. ಬಿದ್ದು ಜಜ್ಜಿದರೆ, ಚುಚ್ಚಿದರೆ, ಅತಿಯಾಗಿ ಚಾರ್ಜ್ ಮಾಡಿದರೆ ಆ ಪರದೆ ಹರಿಯುತ್ತದೆ. ಎರಡು ಪದರಗಳು ತಾಗಿ ಬಿಸಿ ಹುಟ್ಟುತ್ತದೆ. ಆ ಬಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಇ-ಸಿಗರೇಟು ಕೊಳವೆಯ ಆಕಾರದಲ್ಲಿದ್ದರೆ ಒತ್ತಡ ಒಂದು ತುದಿಯಿಂದಲೇ ನುಗ್ಗಿ, ದೀಪಾವಳಿಯ ರಾಕೆಟ್ಟಿನಂತೆ ಹಾರುತ್ತದೆ.

ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆ 2009ರಿಂದ 2016ರ ತನಕ ಪತ್ರಿಕೆ, ಟಿ.ವಿ.ಗಳಲ್ಲಿ ವರದಿಯಾದ ಇಂಥ 195 ಘಟನೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ 61 ಸಲ ಸಾಧನವೋ ಬ್ಯಾಟರಿಯೋ ಜೇಬಿನಲ್ಲಿತ್ತು. 60 ಸಲ ಸೇದುತ್ತಿದ್ದರು. 48 ಸಲ ಚಾರ್ಜಿಗೆ ಹಾಕಿದ್ದರು. ಇವೆಲ್ಲ ಆದದ್ದು ಸಾಮಾನ್ಯ ಬಳಕೆಯಲ್ಲಿ. ಹಾಗಿರುವಾಗ ಬಿಚ್ಚಿ ವಯರು ಕಟ್ಟಿದ್ದನ್ನು ಹಾಸಿಗೆಯ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಇಟ್ಟರೆ ಎಷ್ಟು ಅಪಾಯ, ನೀವೇ ಯೋಚಿಸಿ.

5. ಪುಟ್ಟ ಮಕ್ಕಳಿರುವ ಮನೆಗೆ ಇನ್ನೊಂದು ಎಚ್ಚರಿಕೆ

ಒಂದು ಸಿಗರೇಟು ಸೇದಿದಾಗ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಶೇಕಡಾ 5 ಎಂದು ಬರೆದಿರುವ ದ್ರವದಲ್ಲಿ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಇರುತ್ತದೆ. ಎರಡೇ ಮಿಲಿಲೀಟರು ಅಂದರೆ 100 ಮಿಲಿಗ್ರಾಂ. ಹಣ್ಣಿನ ಪರಿಮಳ ಇರುವುದರಿಂದ ಮಗು ಸಿಹಿಯೆಂದು ಬಾಯಿಗೆ ಹಾಕುತ್ತದೆ. ಸಣ್ಣ ಮಗುವಿಗೆ ಕೆಲವೇ ಹನಿಗಳೂ ಅಪಾಯ. ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚುವುದು, ಬೆವರು, ಎದೆ ಹೊಡೆದುಕೊಳ್ಳುವುದು, ಕೊನೆಗೆ ಫಿಟ್ಸ್ ಬರಬಹುದು. ದೊಡ್ಡ ಹುಡುಗ ಬಿಚ್ಚಿ ಮೇಜಿನ ಮೇಲೆ ಇಟ್ಟದ್ದು ತೊಟ್ಟಿಲಿನ ಮಗುವಿಗೆ ಕಂಟಕವಾಗಬಾರದು.

6. ಕಾನೂನು ಏನು ಹೇಳುತ್ತದೆ?

ಕರ್ನಾಟಕ ಸರಕಾರ 2016ರಲ್ಲೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಇಡೀ ದೇಶದಲ್ಲಿ ಇದರ ತಯಾರಿ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಸಂಗ್ರಹಿಸಿಟ್ಟರೆ ಆರು ತಿಂಗಳ ತನಕ ಜೈಲು ಅಥವಾ 50,000 ರೂಪಾಯಿ ತನಕ ದಂಡ, ಅಥವಾ ಎರಡೂ. ನಿಕೋಟಿನ್ ಇಲ್ಲದ ಬಗೆಗೂ, ಇ-ಹುಕ್ಕಾಕ್ಕೂ ಇದೇ ಕಾಯ್ದೆ.

ನಮ್ಮ ಸಂಘಗಳಲ್ಲಿ ಗೂಡಂಗಡಿ ಇಟ್ಟವರಿದ್ದಾರೆ. “ಅಕ್ಕಾ, ನಾಲ್ಕು ಪೀಸು ಇಟ್ಟುಕೊಳ್ಳಿ, ಒಳ್ಳೆ ಕಮಿಷನ್ ಸಿಗ್ತದೆ” ಎಂದು ಯಾರಾದರೂ ಬಂದರೆ ಖಂಡಿತ ಬೇಡ ಎನ್ನಿ. ಮಗ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದರೆ ಅವನಿಗೂ ಹೇಳಿ: ಗಿರಾಕಿ ತಂದರೂ ಕೈಗೆ ತೆಗೆದುಕೊಳ್ಳಬಾರದು, ಅಂಗಡಿಯಲ್ಲಿ ಇಟ್ಟುಕೊಳ್ಳಬಾರದು. ಸಂಘದ ಸಾಲ ತೆಗೆದು ಕಟ್ಟಿದ ಅಂಗಡಿ ನೂರಿನ್ನೂರು ರೂಪಾಯಿ ಆಸೆಗೆ ಹೋಗಬಾರದು.

7. ಕೆಟ್ಟ ಸಾಧನ ಸಿಕ್ಕಿದರೆ ಏನು ಮಾಡಬೇಕು?

1. ಕೆಲಸ ಮಾಡುತ್ತದೋ ಎಂದು ಒತ್ತಿಯಾಗಲಿ ಎಳೆದಾಗಲಿ ನೋಡಬೇಡಿ. ಚಾರ್ಜಿನಲ್ಲಿದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ವಯರು ತೆಗೆಯಿರಿ.

2. ಬಿಸಿಯಾಗಿದ್ದರೆ, ಉಬ್ಬಿದ್ದರೆ, ಸುಯ್ ಎಂಬ ಸದ್ದೋ ವಿಚಿತ್ರ ವಾಸನೆಯೋ ಬರುತ್ತಿದ್ದರೆ ಮುಟ್ಟಲೇಬೇಡಿ. ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಕರೆದುಕೊಂಡು ಹೋಗಿ.

3. ತಣ್ಣಗಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ. ಸೋರಿದ್ದನ್ನು ಕಾಗದದಲ್ಲಿ ಒರೆಸಿ, ಆ ಕಾಗದವನ್ನು ಕವರಿನಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಬೇರೆಯಾಗಿ ಇಡಿ. ಸೋಪು ಹಾಕಿ ಕೈ ತೊಳೆಯಿರಿ.

4. ಚಾರ್ಜ್ ಮಾಡುವ ತೂತಿನ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿ. ಬ್ಯಾಟರಿ ಬಿಡಿಯಾಗಿದ್ದರೆ ಎರಡೂ ತುದಿಗೆ ಟೇಪು ಹಾಕಿ. ನಾಣ್ಯ, ಬೀಗದಕೈ ಇರುವ ಡಬ್ಬಿಗೆ ಹಾಕಬೇಡಿ.

5. ಮಣ್ಣಿನ ಮಡಕೆ ಅಥವಾ ತಗಡಿನ ಡಬ್ಬದಲ್ಲಿ ಒಣ ಮರಳು ತುಂಬಿ ಅದರೊಳಗೆ ಇಡಿ. ಮುಚ್ಚಳ ಬಿಗಿಯಬೇಡಿ. ಸೌದೆ, ಹುಲ್ಲು, ಗ್ಯಾಸ್ ಸಿಲಿಂಡರಿನಿಂದ ದೂರ, ಮನೆಯ ಹೊರಗೆ, ಮಳೆ ಬೀಳದ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ ಇರಲಿ.

6. ಬಚ್ಚಲೊಲೆಗೆ ಹಾಕಬೇಡಿ. ಕಸದ ರಾಶಿಯಲ್ಲಿ ಸುಡಬೇಡಿ, ಬಾವಿಗೂ ತೋಡಿಗೂ ಎಸೆಯಬೇಡಿ. ಗುಜರಿಯವರಿಗೆ ಸುಮ್ಮನೆ ಕೊಟ್ಟರೆ ಅವರು ಜಜ್ಜುವಾಗ ಸಿಡಿದೀತು. ಕಸ ಸಂಗ್ರಹಿಸುವ ಸಹೋದರಿಯರೂ ನಮ್ಮ ಹಾಗೆಯೇ ಕೈಯಿಂದಲೇ ವಿಂಗಡಿಸುತ್ತಾರೆ. ಪಂಚಾಯಿತಿ ಅಥವಾ ನಗರಸಭೆಯ ಇ-ತ್ಯಾಜ್ಯ ಸಂಗ್ರಹಕ್ಕೆ, ಒಳಗೆ ಬ್ಯಾಟರಿ ಇದೆ ಎಂದು ಬಾಯಿಬಿಟ್ಟು ಹೇಳಿ, ತಡಮಾಡದೆ ಬೇರೆಯಾಗಿ ಕೊಡಿ.

ಬ್ಯಾಟರಿಯ ಬಗ್ಗೆ ಹೇಳಿದ ಈ ಎಚ್ಚರಿಕೆಗಳು ಉಬ್ಬಿದ ಮೊಬೈಲ್ ಬ್ಯಾಟರಿಗೂ, ಲಿಥಿಯಂ ಬ್ಯಾಟರಿಯ ಚಾರ್ಜಿಂಗ್ ಟಾರ್ಚಿಗೂ, ಸೋಲಾರ್ ದೀಪಕ್ಕೂ ಅನ್ವಯಿಸುತ್ತವೆ.

8. ಅವಘಡ ಆದರೆ

ಬೆಂಕಿ ಹತ್ತಿದರೆ: ಮೇನ್ ಸ್ವಿಚ್ ಆರಿಸಿ. ಹತ್ತಿರ ಹೋಗದೆ ದೂರದಿಂದಲೇ ಧಾರಾಳವಾಗಿ ನೀರು ಹಾಕಿ. ಆ ಹೊಗೆ ವಿಷ, ಉಸಿರಿಗೆ ತೆಗೆದುಕೊಳ್ಳಬೇಡಿ. ಹತೋಟಿಗೆ ಬಾರದಿದ್ದರೆ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಸುಟ್ಟ ಗಾಯವಾದರೆ: 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಬಳೆ, ಉಂಗುರ ಬೇಗನೆ ತೆಗೆಯಿರಿ. ಟೂತ್‌ಪೇಸ್ಟು, ಇಂಕು, ಅರಿಶಿನ, ಎಣ್ಣೆ ಹಚ್ಚಬೇಡಿ. ಆಸ್ಪತ್ರೆಗೆ ಒಯ್ಯಿರಿ.

ದ್ರವ ಮಗುವಿನ ಬಾಯಿಗೆ ಹೋದರೆ: ಬಾಯಿ ಒರೆಸಿ. ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. ಚರ್ಮಕ್ಕೆ, ಕಣ್ಣಿಗೆ ಬಿದ್ದಿದ್ದರೆ ಬಹಳ ನೀರಿನಿಂದ ತೊಳೆಯಿರಿ. ಕೂಡಲೇ 108 ಕರೆಯಿಸಿ. ದ್ರವದ ಬಾಟಲಿಯನ್ನೋ ಕವರನ್ನೋ ಡಾಕ್ಟರಿಗೆ ತೋರಿಸಿ. ಮಾನ ಹೋಗುತ್ತದೆಂದು ಏನನ್ನೂ ಮುಚ್ಚಿಡಬೇಡಿ. ಡಾಕ್ಟರಿಗೆ ನಿಜ ಗೊತ್ತಾದರೆ ಮಾತ್ರ ಸರಿಯಾದ ಚಿಕಿತ್ಸೆ ಕೊಡಲು ಸಾಧ್ಯ.

9. ವಸ್ತುವನ್ನು ದೂರ ಮಾಡಿದರೆ ಸಾಕೇ?

ಸಾಲದು. ಸಾಧನ ಹೋದರೂ ಚಟ ಉಳಿದರೆ ಮಗ ಇನ್ನೊಂದನ್ನು ತರುತ್ತಾನೆ, ಇನ್ನೂ ಗುಟ್ಟಾಗಿ ತರುತ್ತಾನೆ. ಮೆದುಳು ಸುಮಾರು 25 ವರ್ಷದ ತನಕ ಬೆಳೆಯುತ್ತಿರುತ್ತದೆ. ಆ ವಯಸ್ಸಿನೊಳಗೆ ನಿಕೋಟಿನ್ ಬೇಗ ಅಂಟಿಕೊಳ್ಳುತ್ತದೆ. ಬಿಟ್ಟಾಗ ಸಿಟ್ಟು, ತಲೆನೋವು, ನಿದ್ರೆ ಬಾರದಿರುವುದು ಸಹಜ. ಮೊದಲ ಕೆಲವು ದಿನ ಜಾಸ್ತಿ, ಮೂರ್ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಮಗನ ಸಿಡುಕನ್ನು ಕೊಬ್ಬು ಎಂದುಕೊಳ್ಳದೆ ಕಾಯಿಲೆಯ ಲಕ್ಷಣ ಎಂದು ತಿಳಿಯಿರಿ. ಸಾಧನ ಕೆಟ್ಟ ದಿನವೇ ಬಿಡಲು ಒಳ್ಳೆಯ ದಿನ.

ಕೆಳಗಿನ ಸಂಭಾಷಣೆಯನ್ನು ಇಬ್ಬರು ಸದಸ್ಯರು ಸಭೆಯಲ್ಲಿ ಅಭಿನಯಿಸಿ ತೋರಿಸಿ.

ತಾಯಿ: ಮಗಾ, ನಿನ್ನ ಚೀಲದಲ್ಲಿ ಇದು ಸಿಕ್ಕಿತು. ಇದೆಂತದ್ದು ಅಂತ ನಂಗೆ ಗೊತ್ತುಂಟು.

ಮಗ: ಅದು ಫ್ರೆಂಡಿಂದು ಅಮ್ಮ. ಹಾಳಾಗಿದೆ, ಸರಿ ಮಾಡಿ ಕೊಡ್ತೇನೆ ಅಂತ ತಂದದ್ದು.

ತಾಯಿ: ಯಾರದ್ದೇ ಇರಲಿ, ಬಿಚ್ಚುವುದು ಬೇಡ. ಇದರ ಬ್ಯಾಟರಿ ಸಿಡಿದ್ರೆ ನಿನ್ನ ಕೈ, ಕಣ್ಣು ಹೋಗ್ತದೆ. ಅದಕ್ಕೇ ನಂಗೆ ಹೆದರಿಕೆ.

ಮಗ: ನೀನು ದಿನಾ ಬೀಡಿ ಕಟ್ಟುವುದಿಲ್ವಾ? ಅಪ್ಪ ಸೇದುವುದಿಲ್ವಾ? ನಂಗೆ ಮಾತ್ರ ಯಾಕೆ ಹೇಳ್ತೀ?

ತಾಯಿ: ನೀನು ಹೇಳಿದ್ದು ಸರಿ. ಹೊಟ್ಟೆಪಾಡಿಗೆ ಕಟ್ಟುತ್ತೇನೆ. ಎಲೆ, ಹೊಗೆಸೊಪ್ಪು ಮುಟ್ಟಿ ಮುಟ್ಟಿ ನಂಗೆ ಏನಾಗಿದೆ ನೀನೇ ನೋಡ್ತಿದ್ದೀ, ಅಪ್ಪನ ಕೆಮ್ಮು ಕೇಳ್ತಿದ್ದೀ. ಅದಕ್ಕೇ ಹೇಳುವುದು. ಅಪ್ಪನ ಹತ್ರಾನೂ ನಾನು ಮಾತಾಡ್ತೇನೆ. ನಿಂಗೆ ಬಿಡ್ಲಿಕ್ಕೆ ಕಷ್ಟ ಆದ್ರೆ ಹೇಳು, ನಾನು ಜೊತೆಗೆ ಬರ್ತೇನೆ.

ಗಮನಿಸಿ: ತಾಯಿ ಹೊಡೆಯಲಿಲ್ಲ, ಊರಿಗೆಲ್ಲ ಹೇಳುತ್ತೇನೆ ಎನ್ನಲಿಲ್ಲ, ಮಗನ ಪ್ರಶ್ನೆಗೆ ಸುಳ್ಳು ಉತ್ತರವನ್ನೂ ಕೊಡಲಿಲ್ಲ. ನಮ್ಮಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಸಹೋದರಿಯರು ಬಹಳ ಮಂದಿ ಇದ್ದಾರೆ. ಅವರ ದುಡಿಮೆಗೆ ಗೌರವ ಸಲ್ಲಬೇಕು. ಆ ದುಡಿಮೆಯ ನೋವು ಬಲ್ಲವರೇ ಮಕ್ಕಳಿಗೆ ಸತ್ಯ ಹೇಳಲು ಯೋಗ್ಯರು.

ಬಿಡಲು ಸಹಾಯ ಬೇಕಾದವರಿಗೆ ಕೇಂದ್ರ ಸರಕಾರದ ತಂಬಾಕು ತ್ಯಜಿಸುವ ಉಚಿತ ದೂರವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ.

10. ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಚಾರ್ಜ್ ಮಾಡುವ ವಸ್ತುಗಳು ಎಷ್ಟು ಇವೆ? ರಾತ್ರಿ ಎಲ್ಲಿ ಚಾರ್ಜಿಗೆ ಇಡುತ್ತೇವೆ? ಹಾಸಿಗೆಯ ಮೇಲೋ, ನೆಲದ ಮೇಲೋ?

2. ಮಗ ಅಥವಾ ಮಗಳು ತಪ್ಪು ಮಾಡಿ ಸಿಕ್ಕಿಬಿದ್ದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ಆ ಮಾತು ಕೇಳಿದ ಮೇಲೆ ಅವರು ಮತ್ತೆ ನಮ್ಮ ಹತ್ತಿರ ಬರುತ್ತಾರಾ?

3. ನಮ್ಮೂರಿನ ಪಂಚಾಯಿತಿಯಲ್ಲಿ ಹಾಳಾದ ಬ್ಯಾಟರಿ ಕೊಡಲು ಜಾಗ ಇದೆಯಾ? ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳುವವರು ಯಾರು?

ಸಂಘದ ತೀರ್ಮಾನಕ್ಕೆ

ಚರ್ಚೆ ಮುಗಿದ ಮೇಲೆ ಕನಿಷ್ಠ ಒಂದು ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಉದಾಹರಣೆಗೆ: “ನಮ್ಮ ಸಂಘದ ಯಾವ ಸದಸ್ಯೆಯ ಅಂಗಡಿಯಲ್ಲೂ ಇ-ಸಿಗರೇಟು ಇಡುವುದಿಲ್ಲ. ಹಾಳಾದ ಬ್ಯಾಟರಿಗಳನ್ನು ಒಲೆಗೆ ಹಾಕುವುದಿಲ್ಲ. ಗ್ರಾಮಸಭೆಯಲ್ಲಿ ಇ-ತ್ಯಾಜ್ಯ ಸಂಗ್ರಹಕ್ಕೆ ಅರ್ಜಿ ಕೊಡುತ್ತೇವೆ.” ಅರ್ಜಿ ಬರೆಯಲು ನಿಮ್ಮ ವಲಯದ ಕಾರ್ಯಕರ್ತೆಯ ಸಹಾಯ ಕೇಳಿ.

ಸಹೋದರಿಯರೇ, ದೇವರು ಕೊಟ್ಟ ಉಸಿರನ್ನೂ ಮಕ್ಕಳನ್ನೂ ಕಾಪಾಡುವುದು ನಮ್ಮೆಲ್ಲರ ಕರ್ತವ್ಯ, ನಾವು ಯಾವ ಧರ್ಮದವರೇ ಆಗಿರಲಿ. ಹಾಳಾದ ಆ ಸಾಧನ ಹಾಳಾಗಿಯೇ ಇರಲಿ. ಅದನ್ನು ಮರಳಿನ ಮಡಕೆಗೆ ಹಾಕಿ, ಮಗನ ಪಕ್ಕ ಕುಳಿತು ಮಾತು ಶುರು ಮಾಡಿ.